ಬೋಣಿಗೆಯ ಭಯ

ಜೀವಮಾನದಲ್ಲಿ ಒಂದು ಹಿಡಿ ಕಡಲೆಯನ್ನೂ ಮಾರಿ ಅರಿಯದವನನ್ನು ಹಿಡಿದು ಕೂಡ್ರಿಸಿ, ವ್ಯಾಪಾರ ಆರಂಭಿಸುವ ತರುಣರಿಗೆ ನಾಲ್ಕು ಹಿತವಚನ ಹೇಳಿರೆಂದು ಕೇಳುವ ಪದ್ಧತಿ ನಮ್ಮ ಸೀಮೆಯಲ್ಲಿ ಹೇಗೆ ಬೆಳೆಯಿತೋ ನಾನರಿಯೆ. ನಾನು ಗೋಕಾಕದಲ್ಲಿ ಬಹುಕಾಲ ಸಂಸ್ಕೃತ ಕಲಿಸಿ ನಿವೃತ್ತನಾದವನು. ಬೆಳಿಗ್ಗೆ ಪೂಜೆ, ಸಂಜೆ ದೇವಸ್ಥಾನದಲ್ಲಿ ಪುರಾಣ ಪ್ರವಚನ. ನಡುವೆ ಉಳಿದ ಹೊತ್ತನ್ನೆಲ್ಲ ಹೆದರಿಕೆಗೆ ಮೀಸಲಿಟ್ಟಿದ್ದೇನೆ. ಗ್ಯಾಸ್ ಸಿಲಿಂಡರಿಗೆ ಹೆದರುತ್ತೇನೆ, ಬೀದಿನಾಯಿಗೆ ಹೆದರುತ್ತೇನೆ, ಅಪರಿಚಿತರು ಫೋನಿನಲ್ಲಿ ನನ್ನ ಹೆಸರು ಹಿಡಿದು ಆತ್ಮೀಯವಾಗಿ ಕರೆದರಂತೂ ಅಂಗೈ ಬೆವರುತ್ತದೆ. ಭಗವಂತನಲ್ಲಿ ನನಗೆ ಪೂರ್ಣ ವಿಶ್ವಾಸವಿದೆ. ಅವನು ಎಲ್ಲವನ್ನೂ ನೋಡಿಕೊಳ್ಳುತ್ತಾನೆಂಬುದರಲ್ಲಿ ಸಂದೇಹವಿಲ್ಲ. ಅವನು ನೋಡಿಕೊಳ್ಳುವ ತನಕ ನಡುವೆ ಒಂದಿಷ್ಟು ಹೊತ್ತು ಇರುತ್ತದಲ್ಲ, ಅದರದೇ ನನ್ನ ಚಿಂತೆ.

ಇಂಥವನಿಗೆ ಊರಲ್ಲಿ ಕೈಗುಣದ ಕೀರ್ತಿ ಬಂತು. ಬಂದ ಬಗೆಯನ್ನು ಹೇಳಲೇಬೇಕು. ಒಂದು ಮುಂಜಾನೆ ದೇವಸ್ಥಾನಕ್ಕೆ ಹೊರಟಾಗ ನಾಯಿಯೊಂದು ನನ್ನ ಧೋತರದಲ್ಲಿ ಅಕಾರಣ ಆಸಕ್ತಿ ತಾಳಿತು. ನಾನು ಎದುರಿಗೆ ಕಂಡ ಅಂಗಡಿಯೊಳಗೆ ನುಗ್ಗಿದೆ. ಅದು ಆ ದಿನವೇ ಆರಂಭವಾದ ಕಿರಾಣಿ ಅಂಗಡಿ. ನಾಯಿ ಹೋಗುವವರೆಗೆ ಒಳಗಿರಲು ಒಂದು ನೆವ ಬೇಕಿತ್ತಾದ್ದರಿಂದ ತೆಂಗಿನಕಾಯಿ ಕೊಂಡೆ. ಅದೇ ಅವರ ಮೊದಲ ಮಾರಾಟ, ಎಂದರೆ ಬೋಣಿಗೆ, ಆಯಿತು. ಮೊದಲ ಗಿರಾಕಿಯ ಕೈ ಒಳ್ಳೆಯದಾದರೆ ವ್ಯಾಪಾರ ಕುದುರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆ ಅಂಗಡಿ ಕುದುರಿತು. ಮಾಲಕ ಕಂಡಕಂಡವರಿಗೆ ನನ್ನ ಕೈಯನ್ನು ಕೊಂಡಾಡಿದ. ಮುಂದೆ ನಾನು ಬೋಣಿಗೆ ಮಾಡಿದ ಮೊಬೈಲ್ ರಿಪೇರಿಯ ಅಂಗಡಿಯೊಂದು ಮಳೆಗಾಲ ಮುಗಿಯುವುದರೊಳಗೆ ಬಾಗಿಲು ಹಾಕಿತು. ಅದರ ಸಜ್ಜನ ಮಾಲಕ ಅಪವಾದವನ್ನು ನನಗೆ ಹೊರಿಸದೆ ಜಾಗದ ವಾಸ್ತುವಿಗೆ ಹೊರಿಸಿದ. ಜನ ಅದನ್ನು ಒಪ್ಪಿದರು. ಒಪ್ಪದೆ ಉಳಿದವನು ನಾನೊಬ್ಬನೇ.

ಆದುದರಿಂದ ಮಸಗುಪ್ಪಿಯ ಕಸ್ತೂರಿ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಾಗ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಅವಳ ತಂದೆ ಬೀರಪ್ಪ ನನ್ನ ಹಳೆಯ ಶಿಷ್ಯ. ಕುರಿ ಸಾಕಿ, ಹೊಲ ಮಾಡಿ ಬದುಕುವ ಮನೆತನ. ಕಸ್ತೂರಿ ಗೋಕಾಕದ ಬಟ್ಟೆ ಅಂಗಡಿಯೊಂದರಲ್ಲಿ ಪಗಾರಕ್ಕೆ ಕೆಲಸ ಮಾಡುತ್ತಿದ್ದಳು.

"ಅಜ್ಜಾರ, ಕೆಲಸ ಬಿಟ್ನ್ರಿ," ಎಂದಳು. "ಮೂಡಲಗ್ಯಾಗ ಅಂಗಡಿ ಹಾಕಾಕತ್ತೇನಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಷ್ಟ. ಅವ್ವ, ಓಣ್ಯಾಗಿನ ಹೆಣ್ಮಕ್ಕಳು ಮನ್ಯಾಗ ರೊಟ್ಟಿ ಬಡೀತಾರ, ನಾ ಅಲ್ಲಿ ಮಾರತೇನಿ. ಬೋಣಿಗಿ ಮಾತ್ರ ನಿಮ್ಮ ಕೈಲೆನ ಆಗಬೇಕ್ರಿ."

"ಅಂಗಡಿ ನಡೆಯದಿದ್ದರೆ ಏನು ಮಾಡುತ್ತೀಯಮ್ಮ?" ಎಂಬ ಪ್ರಶ್ನೆ ನನ್ನ ಬಾಯಿಂದ ಆಶೀರ್ವಾದಕ್ಕಿಂತ ಮೊದಲೇ ಹೊರಟಿತು.

"ಕುರಿ ಕಾಯಾಕ ಬರ್ತೈತ್ರಿ ನನಗ. ಆದ್ರ ಅಪ್ಪ ಅರ್ಧಾ ಹಿಂಡ ಇದಕ್ಕಂತನ ಮಾರ್‍ಯಾನ. ಕಾಯಾಕ ಕುರಿನ ಕಡಿಮಿ ಅದಾವು." ಅವಳು ನಕ್ಕಳು. ನಗು ತುಟಿಯಿಂದ ಮೇಲಕ್ಕೆ ಹತ್ತಲಿಲ್ಲ. "ಅಜ್ಜಾರ, ಧೈರ್ಯ ಬರೂ ಹಂಗ ಒಂದ ಮಾತ ಹೇಳ್ರಿ."

ಶಾಸ್ತ್ರ ಪುರಾಣಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ಅಷ್ಟು ಓದಿದ್ದರ ಫಲವಾಗಿ ಕೊನೆಗೆ ನನ್ನ ಬಾಯಲ್ಲಿ ಬಂದದ್ದು, "ಮಳೆ ಬಂದರೆ ರೊಟ್ಟಿ ಮೆತ್ತಗಾಗದಂತೆ ನೋಡಿಕೊ" ಎಂಬ ಮಾತು. ಅದರ ಹಿಂದೆಯೇ ಉಳಿದ ಭಯಗಳೂ ಸಾಲುಗಟ್ಟಿ ಹೊರಟವು. ಇರುವೆ ಬಂದರೆ? ಬಾಜೂದವನೂ ರೊಟ್ಟಿಯನ್ನೇ ಇಟ್ಟರೆ? ಹೊಗಳಿದ ಬಂಧುಗಳು ಯಾರೂ ಕೊಳ್ಳಲು ಬಾರದಿದ್ದರೆ? ಹುಡುಗಿ ಪ್ರತಿಯೊಂದಕ್ಕೂ ಶ್ರದ್ಧೆಯಿಂದ ತಲೆಯಾಡಿಸಿದಳು. ಪ್ರತಿ ಸಲವೂ ಅವಳ ಮುಖ ಒಂದಿಷ್ಟು ಬಾಡಿತು. ಒಳಗಿನಿಂದ ನನ್ನ ಧರ್ಮಪತ್ನಿ, "ಸಾಕ್ರಿ, ಅಕಿಗಿ ಅಂಗಡಿ ಹಾಕೂದೈತಿ, ಯುದ್ಧಕ್ಕ ಹೋಗೂದಿಲ್ಲ," ಎಂದು ಚಹ ತಂದಿಟ್ಟಳು.

ನಿಶ್ಚಿತ ದಿನ ನಾನೂ ನಮ್ಮಾಕೆಯೂ ಬಸ್ಸು ಹಿಡಿದು ಮೂಡಲಗಿಗೆ ಹೋದೆವು. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳನ್ನು ನೋಡುತ್ತ ಇಷ್ಟದೇವತೆಯ ನಾಮ ಜಪಿಸಿದೆ. ಜಪದ ನಡುನಡುವೆ ಆ ಮೊಬೈಲ್ ಅಂಗಡಿಯ ಮುಚ್ಚಿದ ಬಾಗಿಲು ಕಣ್ಣಿಗೆ ಬರುತ್ತಿತ್ತು. ಕಸ್ತೂರಿಯ ಅಂಗಡಿ ಬಸ್ ನಿಲ್ದಾಣದ ಎದುರಿಗೆ, ಒಂದೇ ಬಾಗಿಲಿನ ಪುಟ್ಟ ಮಳಿಗೆ. ಸಾರಿಸಿ, ರಂಗೋಲಿ ಹಾಕಿ, ತೋರಣ ಕಟ್ಟಿದ್ದರು. ತೆಳ್ಳಗಿನ ಜೋಳದ ರೊಟ್ಟಿಗಳು ಪೂರ್ಣಚಂದ್ರರಂತೆ ಒಂದರ ಮೇಲೊಂದು ಕುಳಿತಿದ್ದವು. ನಾನು ಮೊದಲ ಕಟ್ಟನ್ನು ಕೊಂಡೆ. ನನ್ನ ಹಲ್ಲುಗಳು ಕೃತಕವಾದ್ದರಿಂದ ಖಡಕ್ ರೊಟ್ಟಿಗೂ ನನಗೂ ಸಂಬಂಧ ಕಡಿದು ಬಹಳ ಕಾಲವಾಗಿದೆ, ಆದರೂ ಕೊಂಡೆ. ಕಸ್ತೂರಿ ನಾನು ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟಳು. ನನ್ನ ಕರ್ತವ್ಯ ಅಲ್ಲಿಗೆ ಮುಗಿದಿತ್ತು. ಆಗಲೇ ಎದ್ದು ಬಂದಿದ್ದರೆ ಈ ಪ್ರಬಂಧಕ್ಕೆ ಎಡೆಯಿರುತ್ತಿರಲಿಲ್ಲ.

ಅವರ ಭಕ್ತಿ ಅಷ್ಟಕ್ಕೆ ತೃಪ್ತವಾಗಲಿಲ್ಲ. ಬೀರಪ್ಪ ನನಗೆ ಶಾಲು ಹೊದಿಸಿ, ಚೆಂಡು ಹೂವಿನ ದಪ್ಪ ಮಾಲೆ ಹಾಕಿ, ಬಾಗಿಲಿನ ನಟ್ಟನಡುವೆ ಎತ್ತರದ ಕುರ್ಚಿಯಲ್ಲಿ ಕೂಡ್ರಿಸಿದ. "ಒಂದೀಟು ಕುಂದರ್ರಿ ಗುರುಗಳ. ನೀವು ಕುಂತ್ರ ಅಂಗಡಿಗಿ ಕಳಾ." ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿದರು. ನಾನು ಕುಳಿತೆ. ಎರಡನೆಯ ಗಿರಾಕಿ ಬರುವವರೆಗೆ ಹೋಗಬಾರದೆಂದು ನನ್ನೊಳಗಿನ ಭಯವೂ ಹೇಳಿತು.

ಜನ ಬಂದರು. ಚಪ್ಪಲಿ ಹೊರಗೆ ಬಿಟ್ಟು ಬಂದರು. ನನ್ನ ಪಾದ ಮುಟ್ಟಿ, ಮಡಿಲಲ್ಲಿ ಬಾಳೆಹಣ್ಣು ಇಟ್ಟು, ಹಿಂದೆ ಹಿಂದೆ ಸರಿದು ಹೊರಟುಹೋದರು. ಒಬ್ಬರೂ ರೊಟ್ಟಿಯ ಕಡೆ ಕಣ್ಣೆತ್ತಲಿಲ್ಲ. ಹೊತ್ತೇರಿತು. ನನ್ನ ಮಡಿಲು ತುಂಬಿ, ಪಕ್ಕದ ಬುಟ್ಟಿ ತುಂಬಿತು. ರೊಟ್ಟಿಯ ರಾಶಿ ಇದ್ದಂತೆಯೇ ಇತ್ತು. ಬೀರಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತು ತನ್ನ ಕಂಬಳಿಯ ಅಂಚನ್ನು ಎಳೆಯುತ್ತಿದ್ದ. ಮಾರಿಹೋದ ಕುರಿಗಳು ಒಂದೊಂದಾಗಿ ಅವನ ಕಣ್ಣೆದುರು ಹಾದುಹೋಗುತ್ತಿವೆಯೆಂದು ನನಗೆ ತೋರಿತು. ನನ್ನ ಕೈಯನ್ನು ಶಾಲಿನೊಳಗೆ ಮರೆಮಾಡಿಕೊಂಡೆ. ಆ ಕೈಯ ನಿಜವಾದ ಗುಣ ಇನ್ನು ಊರಿಗೆಲ್ಲ ತಿಳಿಯುವುದಿತ್ತು. ಕಸ್ತೂರಿ ನನ್ನ ಹತ್ತಿರ ಬಂದು ಕುಳಿತು, ಬೇರೆ ಯಾರಿಗೂ ಕೇಳದಂತೆ, "ಅಜ್ಜಾರ, ನಾ ತಪ್ಪ ಮಾಡಿದ್ನೇನ್ರಿ?" ಎಂದಳು. ನಾನು ಅವಳಿಗೆ ಒಂದು ಬಾಳೆಹಣ್ಣು ಕೊಟ್ಟೆ.

ಆ ಹೊತ್ತಿಗೆ ಬಸ್ ನಿಲ್ದಾಣದ ಕಡೆ ನೀರು ತರಲು ಹೋಗಿದ್ದ ನಮ್ಮಾಕೆ ದಾಪುಗಾಲು ಹಾಕುತ್ತ ಮರಳಿದಳು.

"ಏಳ್ರಿ," ಎಂದಳು.

"ಯಾಕ?"

"ಅಲ್ಲಿ ಹೆಣ್ಮಕ್ಕಳು ಮಾತಾಡಾಕತ್ತಾರ. ಯಾವುದೋ ಮಠದ ಸ್ವಾಮಿಗಳು ಬಂದಾರಂತ, ಒಳಗ ಪಾದಪೂಜಿ ನಡದೈತಂತ, ಬರಿಗೈಲೆ ಹೆಂಗ ಹೋಗೂದಂತ. ಒಬ್ಬಾಕಿ ರೊಟ್ಟಿ ನೋಡಿ, ಅದು ದಾಸೋಹದ್ದು, ಪೂಜಿ ಮುಗದ ಮ್ಯಾಲ ಕೊಡ್ತಾರ ಅಂದ್ಲು. ನೀವು ಇಲ್ಲಿ ಕುಂತಿರೂತನಕ ಇದು ಅಂಗಡಿ ಅಲ್ರಿ, ಮಠ."

ನಾನು ಎದುರಿಗೆ ನೋಡಿದೆ. ರಸ್ತೆಯಾಚೆ ಮಲ್ಲಪ್ಪನೆಂಬ ಬಾಳೆಹಣ್ಣಿನ ವ್ಯಾಪಾರಿ, ಹಣ್ಣೆಲ್ಲ ಮಾರಿ ಬರಿದಾದ ತನ್ನ ಗಾಡಿಯನ್ನು ಒರೆಸುತ್ತಿದ್ದ. ನನ್ನನ್ನು ಕಂಡೊಡನೆ ಎರಡೂ ಕೈ ಜೋಡಿಸಿದ. ಅಷ್ಟು ನಿರ್ಮಲವಾದ ಭಕ್ತಿಯನ್ನು ನಾನು ದೇವಸ್ಥಾನದಲ್ಲಿಯೂ ಕಂಡವನಲ್ಲ.

"ನಿನಗ ಗೊತ್ತಿತ್ತೇನವ್ವ?" ಎಂದು ನಮ್ಮಾಕೆ ಕಸ್ತೂರಿಯನ್ನು ಕೇಳಿದಳು.

"ಸಂಶೆ ಬಂದಿತ್ರಿ ಅಮ್ಮಾರ. ಆದ್ರ ಗುರುಗಳಿಗೆ ಎದ್ದ ಹೋಗ್ರಿ ಅಂತ ಯಾ ಬಾಯ್ಲೆ ಹೇಳಲಿ?"

ಮಾಲೆ ತೆಗೆದೆ, ಶಾಲು ಮಡಚಿದೆ, ಕುರ್ಚಿಯನ್ನು ನಾನೇ ಒಳಗಿಟ್ಟೆ. ಕಸ್ತೂರಿ ಬುಟ್ಟಿಯನ್ನು ಒಮ್ಮೆ ನೋಡಿ, ರೊಟ್ಟಿಯೊಂದನ್ನು ಮುರಿದು ತುಣುಕುಗಳ ಮೇಲೆ ಚಟ್ನಿ ಹಚ್ಚಿದಳು. "ಅಪ್ಪಾ, ನಿಂತವರನ್ನ ಕರೀ. ಪ್ರಸಾದ ಕೊಡಾಕತ್ತಾರ ಅನ್ನು." ಬಂದವರಿಗೆಲ್ಲ ಒಂದು ಬಾಳೆಹಣ್ಣು, ಒಂದು ತುಣುಕು ರೊಟ್ಟಿ. ಪ್ರಸಾದಕ್ಕೆಂದು ಬಂದವರು ಚಟ್ನಿಯ ಖಾರಕ್ಕೆ ಬಾಯಿ ಚಪ್ಪರಿಸುತ್ತ, "ಇದು ಮಾರಾಟಕ್ಕೈತೇನವ್ವ?" ಎಂದು ಕೇಳತೊಡಗಿದರು. ನಾವಿಬ್ಬರೂ ಬಸ್ ನಿಲ್ದಾಣದ ಕಂಬದ ಮರೆಯಲ್ಲಿ ನಿಂತು ನೋಡಿದೆವು. ನಾನು ಕಂಬದಿಂದ ಹೊರಗೆ ತಲೆ ಹಾಕಿದರೆ ಎಲ್ಲಿ ವ್ಯಾಪಾರ ಮತ್ತೆ ನಿಂತುಬಿಡುವುದೋ ಎಂದು ಕಂಬವನ್ನೇ ಅಪ್ಪಿ ಹಿಡಿದಿದ್ದೆ. ನಿಲ್ಲಲಿಲ್ಲ. ನಮ್ಮ ಬಸ್ಸು ಹೊರಡುವಾಗ ಬೀರಪ್ಪ ರೊಟ್ಟಿಯ ಎರಡನೆಯ ಗಂಟು ತರಲು ಮಸಗುಪ್ಪಿಗೆ ಹೊರಟು ಬೈಕಿಗೆ ಕಿಕ್ ಹೊಡೆಯುತ್ತಿದ್ದ.

ಅಂಗಡಿ ಈಗಲೂ ನಡೆದಿದೆ. ಹೀಗಾಗಿ ತರುಣರಿಗೆ ಹೇಳಲು ನನ್ನಲ್ಲಿ ಕೊನೆಗೂ ಒಂದಿಷ್ಟು ಅನುಭವದ ಮಾತು ಸೇರಿದೆ. ದೊಡ್ಡವರ ಆಶೀರ್ವಾದ ಪಡೆಯಿರಿ, ಆದರೆ ಅವರನ್ನು ಬಾಗಿಲಿನಿಂದ ಬೇಗ ಏಳಿಸಿರಿ. ನಿಮ್ಮನ್ನು ಹೊಗಳುವ ಬಂಧುಗಳಿಗಲ್ಲ, ಗುರುತಿಲ್ಲದ ಗಿರಾಕಿಗೆ ಮೊದಲ ತುಣುಕು ರುಚಿ ತೋರಿಸಿರಿ. ಜನ ಬಾರದಿದ್ದರೆ ಹಣೆಬರಹವನ್ನು ಹಳಿಯುವ ಮುನ್ನ ರಸ್ತೆ ದಾಟಿ ಹೋಗಿ, ಅಲ್ಲಿಂದ ನಿಮ್ಮ ಅಂಗಡಿ ಹೇಗೆ ಕಾಣುತ್ತದೆಂದು ಒಮ್ಮೆ ನೋಡಿರಿ. ಹೆದರಿಕೆ ಇರಲಿ, ಕಸ್ತೂರಿಗೂ ಇತ್ತು. ಆದರೆ ಅವಳು ಹೆದರುತ್ತಲೇ ರೊಟ್ಟಿ ಮುರಿದಳು, ನಾನು ಹೆದರುತ್ತ ಕುಳಿತೇ ಇದ್ದೆ. ಅವಳು ಬಂದಾಗಲೆಲ್ಲ ಒಂದು ಕಟ್ಟು ರೊಟ್ಟಿ ತಂದುಕೊಡುತ್ತಾಳೆ. ಹಾಲಿನಲ್ಲಿ ನೆನೆಸಿ ತಿನ್ನುತ್ತೇನೆ.

ಕಳೆದ ವಾರ ಹುಕ್ಕೇರಿಯಿಂದ ಒಬ್ಬ ತರುಣ ಬಂದು ಸಾಷ್ಟಾಂಗ ನಮಸ್ಕಾರ ಮಾಡಿದ. ತಾನು ಅಂಗಡಿ ಹಾಕುತ್ತಿರುವುದಾಗಿಯೂ, ನಾನು ತಪ್ಪದೆ ಬರಬೇಕೆಂದೂ ಕೇಳಿಕೊಂಡ. ನಾನು ಕಲಿತ ಪಾಠವನ್ನು ಒಡನೆಯೇ ಒಪ್ಪಿಸಿದೆ. "ಬೋಣಿಗೆ ಮಾಡಿ ಆ ಕ್ಷಣವೇ ಎದ್ದು ಬರುತ್ತೇನಪ್ಪ. ನಿನ್ನ ಅಂಗಡಿಯಲ್ಲಿ ಕೂಡ್ರುವುದಿಲ್ಲ."

"ಹಂಗ ಮಾಡಬ್ಯಾಡ್ರಿ ಅಜ್ಜಾರ, ಕುಂದರಬೇಕ್ರಿ," ಎಂದ ಅವನು ಗಾಬರಿಯಿಂದ. "ಆದ್ರ ನನ್ನ ಅಂಗಡ್ಯಾಗ ಅಲ್ಲ. ನಂದು ಹಣ್ಣಿನ ಅಂಗಡಿರಿ; ಮೂಡಲಗಿ ಮಲ್ಲಪ್ಪ ನಮ್ಮ ಸೋದರಮಾವ. ನನ್ನ ಎದರಿಗೆ ಒಂದು ಚಪ್ಪಲಿ ಅಂಗಡಿ ಐತಿ. ಅದರ ಬಾಗಲದಾಗ, ಮಾಲಿ ಹಾಕ್ಕೊಂಡು, ಸಂಜಿತನ ಕುಂದರಬೇಕ್ರಿ."

ಒಳಗೆ ನಮ್ಮಾಕೆಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ನಗು ತಡೆಯಲಾಗಲಿಲ್ಲವೆಂದು ತೋರುತ್ತದೆ. ನಾನು ಪಂಚಾಂಗ ತೆಗೆದು ಕುಳಿತಿದ್ದೇನೆ. ಇಲ್ಲಿಯವರೆಗೆ ಒಂದು ದಿನವೂ ಪ್ರಶಸ್ತವಾಗಿ ಕಂಡಿಲ್ಲ.