ದೊಡ್ಡಮ್ಮನನ್ನು ಎರಡು ಸಾವಿರದ ನಲವತ್ತೆಂಟು ಸಲ ಶಾಲೆಗೆ ಕಳಿಸಿದ ಕಂಪ್ಯೂಟರಿಗೆ

ಮಾನ್ಯರೇ,

ಎರಡನೇ ಮಹಡಿಯ ಮೂಲೆಯ ಕೋಣೆಯಲ್ಲಿ, ಇಡೀ ಕಟ್ಟಡದಲ್ಲಿ ಕೆಟ್ಟುಹೋಗದೆ ಉಳಿದಿರುವ ಒಂದೇ ಒಂದು ಏಸಿಯ ಕೆಳಗೆ ವಿರಾಜಮಾನರಾಗಿ, 'ಯಾರೂ ಮುಟ್ಟಬಾರದು' ಎಂಬ ಚೀಟಿಯನ್ನು ಎದೆಗೆ ಅಂಟಿಸಿಕೊಂಡಿರುವ ತಮಗೆ, ಸಂಶೋಧನಾ ವಿದ್ಯಾರ್ಥಿನಿಯಾದ ನಾನು ಸ್ವೆಟರ್ ಹಾಕಿಕೊಂಡೇ ಮಾಡುವ ನಮಸ್ಕಾರಗಳು. ತಮ್ಮ ಫ್ಯಾನುಗಳೆಲ್ಲ ಕ್ಷೇಮವೆಂದು ಭಾವಿಸುತ್ತೇನೆ. ನಾನು ಅಷ್ಟಾಗಿ ಕ್ಷೇಮವಾಗಿಲ್ಲ, ಅದನ್ನು ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರ.

ತಮಗೆ ಗೊತ್ತಿರುವ ಸಂಗತಿಯನ್ನು ಸಾರ್ವಜನಿಕರಿಗಾಗಿ ಇನ್ನೊಮ್ಮೆ ಹೇಳಬೇಕಾಗಿದೆ. ನಮ್ಮ ಅಧ್ಯಯನದಲ್ಲಿ ಹನ್ನೆರಡು ಜೋಡಿ ಅಕ್ಕತಂಗಿಯರಿದ್ದಾರೆ. ಪ್ರತಿ ಜೋಡಿಯಲ್ಲೂ ಒಬ್ಬರು ಚಿಕ್ಕಂದಿನಲ್ಲಿ ಶಾಲೆಗೆ ಹೋಗಿ ಓದು ಕಲಿತವರು, ಇನ್ನೊಬ್ಬರು ಐವತ್ತು ದಾಟಿದ ಮೇಲೆ ಸಂಜೆ ತರಗತಿಯಲ್ಲಿ ಅಕ್ಷರ ಕಲಿತವರು. ಇಪ್ಪತ್ತನಾಲ್ಕು ಮಂದಿಯನ್ನೂ ಒಬ್ಬೊಬ್ಬರಾಗಿ ಸ್ಕ್ಯಾನ್ ಯಂತ್ರದ ಕೊಳವೆಯೊಳಗೆ ಮಲಗಿಸಿ, ಪದಗಳನ್ನು ತೋರಿಸಿ, ಮೆದುಳಿನ ಯಾವ ಭಾಗ ಚುರುಕಾಗುತ್ತದೆಂದು ಚಿತ್ರ ತೆಗೆದೆವು. ಹನ್ನೆರಡನೆಯ ಜೋಡಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರಿಂದ, ನನ್ನ ಸಂಶೋಧನೆಯ ಗೈಡ್ ಅವರ ಒಪ್ಪಿಗೆ ಪಡೆದು ನನ್ನ ಅಮ್ಮನನ್ನೂ ಅವಳ ಅಕ್ಕನನ್ನೂ ಸೇರಿಸಿಕೊಂಡೆ. ಅಮ್ಮ ನಿವೃತ್ತ ಶಿಕ್ಷಕಿ. ದೊಡ್ಡಮ್ಮ ಟೈಲರ್, ಓದು ಬಾರದಿದ್ದ ಕಾಲದಲ್ಲಿ ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರಿನ ಬದಲು ಅವರ ಮೂಗಿನ ಚಿತ್ರ ಬರೆದುಕೊಳ್ಳುತ್ತಿದ್ದವಳು, ಐವತ್ತಾರನೇ ವಯಸ್ಸಿನಲ್ಲಿ ಅಕ್ಷರ ಕಲಿತ ಮೇಲೂ ಕೆಲವು ಒಳ್ಳೆಯ ಮೂಗುಗಳನ್ನು ಹಾಗೇ ಉಳಿಸಿಕೊಂಡವಳು. ಕೊಳವೆಯಿಂದ ಹೊರಬಂದು ಅವಳು ಕೇಳಿದ್ದು ಒಂದೇ ಮಾತು: "ತಡವಾಗಿ ಕಲಿತದ್ದು ತಲೆಗೆ ಹತ್ತಿದೆಯಾ ಇಲ್ವಾ, ನೋಡಿ ಹೇಳೇ."

ಮೊದಲ ಲೆಕ್ಕದಲ್ಲಿ, ಮೆದುಳಿನ ಚಿತ್ರದ ಎಡಗಡೆ ಹಿಂಭಾಗದಲ್ಲಿ ಕುಂಕುಮ ಚೆಲ್ಲಿದಂತೆ ಒಂದು ಕೆಂಪು ಮಚ್ಚೆ ಕಾಣಿಸಿಕೊಂಡಿತು. ಶಾಲೆಗೆ ಹೋದವರಲ್ಲಿ ಆ ಜಾಗ ಹೆಚ್ಚು ಚುರುಕು ಎಂದು ಅದರ ಅರ್ಥ. ಗೈಡ್ ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದು ಪ್ರಬಂಧಕ್ಕೆ ಹೆಸರನ್ನೂ ಇಟ್ಟುಬಿಟ್ಟರು. ನನಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೊಡ್ಡಮ್ಮನಿಗೆ ಹೇಳುವುದನ್ನು ಮಾತ್ರ ಮುಂದಕ್ಕೆ ಹಾಕಿದೆ.

ಆದರೆ ಮೆದುಳಿನ ಲಕ್ಷಗಟ್ಟಲೆ ಚುಕ್ಕೆಗಳಲ್ಲಿ ಹುಡುಕುತ್ತಾ ಹೋದರೆ ಎಲ್ಲೋ ಒಂದು ಕಡೆ ಕೆಂಪು ಸುಮ್ಮನೆ ಅದೃಷ್ಟದಿಂದಲೂ ಸಿಗಬಹುದಾದ್ದರಿಂದ, ನ್ಯಾಯ ಕೇಳಿಕೊಂಡು ತಮ್ಮ ಸನ್ನಿಧಿಗೆ ಬರಲೇಬೇಕಾಯಿತು. ಪ್ರತಿ ಜೋಡಿಯಲ್ಲೂ ಶಾಲೆಗೆ ಹೋದವರು ಯಾರು, ಹೋಗದವರು ಯಾರು ಎಂಬ ಹಣೆಪಟ್ಟಿಯನ್ನು ಅದಲು ಬದಲು ಮಾಡಿ, ಪ್ರತಿಸಲವೂ ಲೆಕ್ಕವನ್ನು ಮೊದಲಿನಿಂದ ಹಾಕಿ, ಅಂಥ ಸುಳ್ಳು ಪಟ್ಟಿಗಳಿಂದಲೂ ಅಷ್ಟೇ ದೊಡ್ಡ ಮಚ್ಚೆ ಎಷ್ಟು ಸಲ ಬರುತ್ತದೆ ಎಂದು ತಿಳಿಸಬೇಕೆಂದು ಕೋರಿದೆ. ಅಪರೂಪಕ್ಕೆ ಬಂದರೆ ನಮ್ಮ ಮಚ್ಚೆ ನಿಜ. ಪದೇ ಪದೇ ಬಂದರೆ ನಮ್ಮದೂ ಬರೀ ಅದೃಷ್ಟ. ಹತ್ತು ಸಾವಿರ ಸಲ ಮಾಡಿ ಎಂದು ಬರೆದುಕೊಟ್ಟೆ. ತಾವು ಒಂದೊಂದು ಸಲಕ್ಕೆ ಮೂರು ನಿಮಿಷ ತೆಗೆದುಕೊಳ್ಳುತ್ತಾ, ಆನೆಯ ಗಾಂಭೀರ್ಯದಿಂದ ಹೊರಟಿರಿ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಅಮ್ಮನೂ ಇದ್ದಾಗ, ಟೈಲರಿಂಗ್ ಅಂಗಡಿಯ ಮೇಜಿನ ಮೇಲೆ ಬಿಳಿ ಗುಂಡಿ ಕರಿ ಗುಂಡಿಗಳನ್ನು ಜೋಡಿಸಿ, ತಾವು ಏನು ಮಾಡುತ್ತಿದ್ದೀರೆಂದು ಇಬ್ಬರಿಗೂ ವಿವರಿಸಿದೆ. ಅಮ್ಮ ಕೆರಳಿದಳು. "ಮೂವತ್ತೆಂಟು ವರ್ಷ ಪಾಠ ಮಾಡಿದವಳು ನಾನು. ನನ್ನನ್ನ ಶಾಲೆಗೆ ಹೋಗದವಳು ಅಂತ ಲೆಕ್ಕ ಹಾಕೋಕೆ ಆ ಡಬ್ಬಕ್ಕೆ ಯಾರು ಹೇಳಿದ್ದು?" ನಾನೇ ಎಂದು ಒಪ್ಪಿಕೊಂಡೆ. ದೊಡ್ಡಮ್ಮ ಮಾತ್ರ ಬಿಳಿ ಗುಂಡಿಯೊಂದನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದಳು: "ಹಂಗಾದ್ರೆ ಅದರೊಳಗೆ ನಾನು ಶಾಲೆಗೆ ಹೋಗಿದ್ದೀನಾ?"

"ಅರ್ಧದಷ್ಟು ಸಲ ನೀನೇ ಹೋಗಿರೋದು, ದೊಡ್ಡಮ್ಮ."

ತಂಗಿ ಹುಟ್ಟಿದಾಗ ತೊಟ್ಟಿಲು ತೂಗಲೆಂದು ಅವಳನ್ನು ಶಾಲೆಗೇ ಕಳಿಸದೆ ಮನೆಯಲ್ಲಿ ಉಳಿಸಿಕೊಂಡಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ವಿಷಯ. ಅದನ್ನು ಆಡಿದವಳು ಅಮ್ಮನೇ. "ಹಂಗಾದ್ರೆ ಅಕ್ಕ, ಅಷ್ಟು ಸಲ ನಿನ್ನ ತೊಟ್ಟಿಲು ತೂಗಿದವಳು ನಾನು ಅಂತಾಯ್ತು."

"ಚೆನ್ನಾಗೇ ತೂಗಿರಬೇಕು ಬಿಡು," ಎಂದಳು ದೊಡ್ಡಮ್ಮ. "ಒಂದು ಸಲಾನೂ ಎಚ್ಚರ ಆದ ನೆನಪಿಲ್ಲ."

ಇಬ್ಬರೂ ನಗತೊಡಗಿದರು. ಬ್ಲೌಸ್ ಕೇಳಲು ಬಂದ ಗಿರಾಕಿ ಬಾಗಿಲಲ್ಲೇ ನಿಂತು, ಆಮೇಲೆ ಬರುತ್ತೇನೆಂದು ಹೇಳಿ ಹೋಗುವಷ್ಟು ನಕ್ಕರು.

ಈಗ ದೂರಿಗೆ ಬರುತ್ತೇನೆ. ಒಂಬತ್ತನೆಯ ದಿನ ಬಂದು ನೋಡಿದರೆ ತಾವು ನಾಲ್ಕು ಸಾವಿರದ ತೊಂಬತ್ತಾರಕ್ಕೇ ನಿಂತು, ಮಾತಿಲ್ಲ ಕತೆಯಿಲ್ಲ, ತಣ್ಣಗೆ ಗಾಳಿ ಕುಡಿಯುತ್ತಾ ಕೂತಿದ್ದಿರಿ. ತಮ್ಮನ್ನು ಸೋಮಾರಿ ಎಂದೆ, ಇನ್ನೂ ಏನೇನೋ ಅಂದೆ. ಕೊನೆಗೆ ತಮ್ಮ ಆರೈಕೆ ನೋಡಿಕೊಳ್ಳುವ, ದಿನಕ್ಕೆ ಆರು ಮಾತಿಗಿಂತ ಹೆಚ್ಚು ಆಡದ ಸಿಸ್ಟಮ್ ಆಪರೇಟರನ್ನು ಎಳೆದುತಂದೆ. ಅವರು "ಎಷ್ಟು ಜೋಡಿ?" ಎಂದು ಕೇಳಿ, ಬೆರಳು ಮಡಚುತ್ತಾ ಎರಡು, ನಾಲ್ಕು, ಎಂಟು, ಹದಿನಾರು ಎಂದು ಇಮ್ಮಡಿಸುತ್ತಾ ಹೋದರು, ಹತ್ತು ಬೆರಳೂ ಮುಗಿದಾಗ ನನ್ನವೆರಡನ್ನು ಕಡ ಪಡೆದು, "ನಾಲ್ಕು ಸಾವಿರದ ತೊಂಬತ್ತಾರು. ಇರೋದೇ ಅಷ್ಟು ಮೇಡಂ," ಎಂದು ಹೇಳಿ, ಅಂದಿನ ಮಾತು ಮುಗಿಸಿ ಹೊರಟುಹೋದರು. ಒಂದೊಂದು ಜೋಡಿಗೂ ಎರಡೇ ಬಗೆಯಾದ್ದರಿಂದ, ಹನ್ನೆರಡು ಜೋಡಿಯನ್ನು ಎಷ್ಟೇ ಅದಲು ಬದಲು ಮಾಡಿದರೂ ಅದಕ್ಕಿಂತ ಹೆಚ್ಚು ಬಗೆ ಇಲ್ಲವೇ ಇಲ್ಲ. ಹಾಗೆಂದು ತಾವು ಮೊದಲ ದಿನವೇ ಪರದೆಯ ಮೊದಲ ಸಾಲಿನಲ್ಲೇ ಬರೆದಿದ್ದಿರಿ. ಓದಿನ ಬಗ್ಗೆ ಸಂಶೋಧನೆ ಮಾಡುವವಳು ಅದನ್ನು ಓದಿರಲಿಲ್ಲ.

ಇನ್ನು ತಮ್ಮ ತೀರ್ಪು. ನಮ್ಮ ಮಚ್ಚೆಯಷ್ಟೇ ಅಥವಾ ಅದಕ್ಕಿಂತ ದೊಡ್ಡ ಮಚ್ಚೆ ಒಂದು ಸಾವಿರದ ಮುನ್ನೂರ ಹನ್ನೊಂದು ಸಲ ಬಂದಿದೆ, ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ. ಗೈಡ್ "ಇನ್ನೊಂದು ಸಲ ಮಾಡಿಸಿ ನೋಡಮ್ಮ," ಎಂದರು. ಇರುವ ಬಗೆಗಳನ್ನೆಲ್ಲ ಒಂದೂ ಬಿಡದೆ ಮುಗಿಸಿದವರ ಬಳಿ ಇನ್ನೊಂದು ಸಲ ಹೋದರೆ ಅದೇ ಉತ್ತರ ಬರುತ್ತದೆಂದು ಹೇಳಿದೆ. ಅವರು ಪ್ರಬಂಧದ ಹೆಸರು ಬರೆದಿಟ್ಟಿದ್ದ ಹಾಳೆಯನ್ನು ಎರಡು ಮಡಿಕೆ ಮಾಡಿ ಡ್ರಾಯರಿಗೆ ಸೇರಿಸಿದರು. ನನ್ನ ಎರಡು ವರ್ಷವನ್ನು ಎಂಟೂವರೆ ದಿನದಲ್ಲಿ ಕರಗಿಸಿದ ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಸುದ್ದಿಯನ್ನು ದೊಡ್ಡಮ್ಮನಿಗೆ ಬಹಳ ಎಚ್ಚರಿಕೆಯಿಂದಲೇ ಹೇಳಿದೆ: "ವ್ಯತ್ಯಾಸ ಇಲ್ಲ ಅಂತಲ್ಲ ದೊಡ್ಡಮ್ಮ, ಇದೆ ಅನ್ನೋಕೆ ಸಾಕ್ಷಿ ಸಾಲದು." ಅವಳು ಹಲ್ಲಿನಲ್ಲಿ ದಾರ ಕಡಿದು, "ನನಗೆ ಅಷ್ಟೇ ಸಾಕು ಕಣೇ. ಬಟ್ಟೆ ಸಾಲದೆ ಎಷ್ಟು ಅಂಗಿ ಹೊಲಿದಿಲ್ಲ ನಾನು," ಎಂದಳು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ದೊಡ್ಡಮ್ಮ ಶಾಲೆಗೆ ಹೋದ ಆ ಅರ್ಧದಷ್ಟು, ಅಂದರೆ ಎರಡು ಸಾವಿರದ ನಲವತ್ತೆಂಟು ಸಲಗಳಲ್ಲಿ ತಮಗೆ ಅನುಕೂಲವಾದ ಒಂದನ್ನು, ಹೆಚ್ಚು ಬೇಡ, ಒಂದೇ ಒಂದನ್ನು ಅಳಿಸದೆ ಹಾಗೇ ಇಟ್ಟುಕೊಂಡು, ಅವಳು ಅದರಲ್ಲಿ ಏಳನೇ ತರಗತಿಯವರೆಗಾದರೂ ಓದುವಂತೆ ನೋಡಿಕೊಳ್ಳಬೇಕು. ಹಾಗೂ ತಾಯಿಯಂಥವರ ಹಣೆಪಟ್ಟಿ ಬದಲಿಸುವ ಮುಂಚೆ ಒಂದು ಮಾತು ತಿಳಿಸಬೇಕು. ಅಮ್ಮನಿಗೆ ಆ 'ಡಬ್ಬ'ದ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈ ಪತ್ರದ ಕರಡನ್ನು ಇಬ್ಬರೂ ಓದಿದ್ದಾರೆ. ಅಮ್ಮ ಎಲ್ಲ ಸರಿಯಾಗಿದೆ ಎಂದಳು. ದೊಡ್ಡಮ್ಮ ಬೆರಳಿಟ್ಟು ನಿಧಾನಕ್ಕೆ ಓದುತ್ತಾ ಹೋಗಿ, ಅಮ್ಮನ ಕಣ್ಣಿಗೆ ಬೀಳದ ಒಂದು ಒತ್ತಕ್ಷರದ ತಪ್ಪನ್ನು ಹಿಡಿದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೀಟು ಎಳೆದಳು. ಒಂದೇ ಒಂದು ಸಲ ಆದದ್ದರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ತಾವು ಹೇಳುವಿರಿ. ದಯವಿಟ್ಟು ಹೇಳಬೇಡಿ.

ಮೂರರಲ್ಲಿ ಎರಡು ಪಾಲು ಮಾತ್ರ
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಸ್ವೆಟರ್ ಹುಡುಗಿ

ವಿ.ಸೂ.: ಇನ್ನೂ ಎಂಟು ಜೋಡಿ ಸೇರಿಸಿ ನೋಡೋಣ ಎಂದು ಗೈಡ್ ನಿನ್ನೆ ಹುರುಪಿನಿಂದ ಹೇಳಿದ್ದಾರೆ. ಇಪ್ಪತ್ತು ಜೋಡಿಗೆ ಹತ್ತು ಲಕ್ಷದ ನಲವತ್ತೆಂಟು ಸಾವಿರದ ಐನೂರ ಎಪ್ಪತ್ತಾರು ಬಗೆ. ಒಂದನ್ನೂ ಬಿಡದೆ ಮುಗಿಸುವುದು ತಮ್ಮ ಸ್ವಭಾವವಾದ್ದರಿಂದ, ತಮ್ಮ ವೇಗದಲ್ಲಿ ಹತ್ತಿರ ಹತ್ತಿರ ಆರು ವರ್ಷ. ಕೋಣೆಯ ಏಸಿ ಇಂದು ಬೆಳಗ್ಗೆಯಿಂದ ಒಂಥರಾ ಸದ್ದು ಮಾಡುತ್ತಿದೆ. ರಿಪೇರಿಯವರಿಗೆ ಹೇಳೋಣವೆಂದಿದ್ದೆ, ನೆನಪಾದಾಗ ಹೇಳುತ್ತೇನೆ.