ನಾಲ್ಕನೇ ಮಂಚದ ಮುನಿಶಾಮಪ್ಪ

ದಿಬ್ಬೂರಹಳ್ಳಿಯ ಮುನಿಶಾಮಪ್ಪ ಮೂತ್ರಪಿಂಡದ ಕಾಯಿಲೆಗೆಂದು ಶಿಡ್ಲಘಟ್ಟದ ಆಸ್ಪತ್ರೆ ಸೇರಿ ಮೂರು ವಾರವಾಗಿತ್ತು. ಮೂರು ವಾರವೂ ಸಬ್ಬಕ್ಕಿ ಗಂಜಿ, ಸೋರೆಕಾಯಿ, ಮತ್ತೆ ಸಬ್ಬಕ್ಕಿ ಗಂಜಿ. ಸಾವಿರದ ಒಂಬೈನೂರ ಅರವತ್ತಮೂರರ ಜನವರಿಯ ಒಂದು ಮಂಗಳವಾರ ಮುಂಜಾನೆ, ಹಿಂದಿನ ಬೀದಿಯ ಯಾರದೋ ಮನೆಯಿಂದ ಅವರೆಕಾಳು ಬೇಯುವ ವಾಸನೆ ಕಿಟಕಿಯೊಳಗೆ ಬಂತು. ಮುನಿಶಾಮಪ್ಪ ಎದ್ದು ಕೂತು ಅದನ್ನು ಮೂರು ಸಲ ಎಳೆದುಕೊಂಡ. ಆಸ್ಪತ್ರೆಯ ಕಂಬಳಿಯನ್ನು ನೀಟಾಗಿ ಮಡಿಸಿ ಮಂಚದ ಮೇಲಿಟ್ಟು, ಮೊದಲನೇ ಬಸ್ಸಿಗೆ ಊರಿಗೆ ಹೊರಟುಹೋದ.

ಬೇರೆ ದಿನವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವತ್ತು ಆಸ್ಪತ್ರೆಯ ಪಥ್ಯಾಹಾರ ತರಗತಿಯ ಆರು ಹುಡುಗಿಯರಿಗೆ ವರ್ಷದ ಪರೀಕ್ಷೆ. ಕೆಲವರ ಮೈಗೆ ಪ್ರೋಟೀನು ಹುಟ್ಟಿನಿಂದಲೇ ಒಗ್ಗುವುದಿಲ್ಲ, ಕೆಲವರಿಗೆ ಕಾಯಿಲೆ ಬಂದ ಮೇಲೆ ಒಗ್ಗುವುದಿಲ್ಲ. ಅಂಥವರಿಗೆ ಬೇಳೆ, ಕಾಳು, ಹಾಲು, ಮೊಟ್ಟೆ, ಮಾಂಸ ಯಾವುದೂ ಸೋಕದಂತೆ, ಆದರೂ ಹೊಟ್ಟೆ ತುಂಬುವಂತೆ ಅಡುಗೆ ಮಾಡುವುದು ಹೇಗೆಂದು ಶ್ಯಾಮಲಮ್ಮ ಟೀಚರು ವರ್ಷವಿಡೀ ಕಲಿಸಿದ್ದರು. ಹತ್ತು ಗಂಟೆ ರೈಲಿಗೆ ಬೆಂಗಳೂರಿನಿಂದ ಪರೀಕ್ಷಕ ಡಾಕ್ಟರು ಬರುವವರಿದ್ದರು. ಹುಡುಗಿಯರು ಮಾಡಿದ ಅಡುಗೆಯನ್ನು ನಿಜವಾದ ರೋಗಿಯೇ ಅವರೆದುರು ಉಣ್ಣಬೇಕು ಎಂಬುದು ನಿಯಮ. ಪಥ್ಯದಲ್ಲಿದ್ದ ರೋಗಿ ಇದ್ದದ್ದು ಒಬ್ಬನೇ. ಅವನು ಈಗ ದಿಬ್ಬೂರಹಳ್ಳಿಯಲ್ಲಿ ಮುದ್ದೆ ಮುರಿಯುತ್ತಿದ್ದ.

"ಪರೀಕ್ಷೆ ಮುಂದಿನ ವರ್ಷಕ್ಕೆ ಹೋದ್ರೆ ನನ್ನ ಕತೆ ಮುಗೀತು ಟೀಚರ್," ಅಂದಳು ಷಮೀಮ್. ರೇಷ್ಮೆ ನೂಲು ವ್ಯಾಪಾರದ ಮನೆಯ ಹುಡುಗಿ. ಆರು ಜನರಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. "ಒಂದೇ ವರ್ಷ, ಆಮೇಲೆ ಮನೇಲಿ ಕೂರ್ಬೇಕು ಅಂತ ಅಬ್ಬಾ ಮೊದಲೇ ಹೇಳವ್ರೆ. ಕೈಯಲ್ಲಿ ಸರ್ಟಿಫಿಕೇಟ್ ಇದ್ರೆ ಕೆಲಸಕ್ಕಾದ್ರೂ ಕಳಿಸ್ತಾರೆ."

ಶ್ಯಾಮಲಮ್ಮನವರು ಆಫೀಸಿನ ಬಾಗಿಲಲ್ಲಿ ನಿಂತು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಗುಮಾಸ್ತ ಬಯ್ಯಪ್ಪನನ್ನೇ ನೋಡುತ್ತಿದ್ದರು.

ಬಯ್ಯಪ್ಪನಿಗೆ ನಲವತ್ತು ದಾಟಿತ್ತು. ದುಂಡು ಮೈ, ಈಗತಾನೇ ನಿದ್ದೆಯಿಂದ ಎಬ್ಬಿಸಿದಂಥ ಮುಖ. ಯಾರು ಏನು ಹೇಳಿದರೂ ಮೊದಲು ಒಪ್ಪಿಕೊಂಡು ಆಮೇಲೆ ಯೋಚಿಸುವವನು.

"ಬಯ್ಯಪ್ಪನವರೇ, ಸ್ವಲ್ಪ ಬೆಳಕಿಗೆ ಬನ್ನಿ," ಅಂದರು ಶ್ಯಾಮಲಮ್ಮ.

ಬಯ್ಯಪ್ಪ ಬಂದ. ಆರು ಹುಡುಗಿಯರೂ ಸುತ್ತ ನಿಂತು ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದರು.

"ಕಣ್ಣಿನ ಕೆಳಗೆ ಊದಿರೋದು ನೋಡಿ ಟೀಚರ್, ನಮ್ ಪುಸ್ತಕದಲ್ಲಿ ಬರ್ದಿರೋ ಹಾಗೇ ಅವ್ರೆ," ಅಂದಳು ಷಮೀಮ್.

"ಅದು ನಿದ್ದೆ ಕಣಮ್ಮ," ಅಂದ ಬಯ್ಯಪ್ಪ.

ವಿಷಯ ಕೇಳಿದ ಮೇಲೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಗೌರಿಬಿದನೂರಿನಲ್ಲಿ ಅವನ ಭಾಮೈದನ ಮದುವೆಯಿತ್ತು. ನಾಲ್ಕು ದಿನದ ರಜೆ ಅರ್ಜಿ ಎರಡು ಸಲ ವಾಪಸು ಬಂದಿತ್ತು. ಸೂಪರಿಂಟೆಂಡೆಂಟರಿಗೆ ತಾವೇ ಹೇಳಿ ಕೊಡಿಸುವುದಾಗಿ ಶ್ಯಾಮಲಮ್ಮ ಮಾತು ಕೊಟ್ಟರು.

"ಏನೂ ಕಷ್ಟ ಇಲ್ಲ. ಮಲಗೋದು, ಕೊಟ್ಟಿದ್ದು ತಿನ್ನೋದು. ಹನ್ನೆರಡಕ್ಕೆಲ್ಲ ಮುಗಿಯತ್ತೆ."

ಬಯ್ಯಪ್ಪ ಲೆಕ್ಕ ಹಾಕಿದ. ಮನೆಯಲ್ಲಿ ಹೆಂಡತಿ ಮಂಗಮ್ಮ ಹಿಂದಿನ ಸಂಜೆಯಿಂದ ನೆನೆಸಿದ ಅವರೆಕಾಳಿನ ಸಿಪ್ಪೆ ಹಿತಕಿ ತೆಗೆಯುತ್ತ ಕೂತಿದ್ದಳು. ಹಿತಕಿದಬೇಳೆ ಸಾರು, ಬಿಸಿ ಮುದ್ದೆ. ಅದಕ್ಕೆಂದೇ ಅವನು ಬೆಳಿಗ್ಗೆ ಏನೂ ತಿನ್ನದೆ ಹೊಟ್ಟೆಯನ್ನು ಖಾಲಿ ಇಟ್ಟುಕೊಂಡು ಬಂದಿದ್ದ. ಹನ್ನೆರಡಕ್ಕೆ ಮುಗಿದರೆ ಒಂದು ಗಂಟೆಗೆ ಎಲೆ ಮುಂದೆ ಕೂರಬಹುದು.

"ಆಗಲಿ," ಅಂದ.

ಕೋಟು, ಪೇಟ, ಕೈಗಡಿಯಾರ ಬೀರು ಸೇರಿದವು. ಬಯ್ಯಪ್ಪ ನಾಲ್ಕನೇ ಮಂಚದ ಮೇಲೆ ಕಂಬಳಿ ಹೊದ್ದು ಮುನಿಶಾಮಪ್ಪನಾದ.

ರೈಲು ಎಂದಿನಂತೆ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸಿಕೊಂಡು ಹನ್ನೊಂದೂವರೆಗೆ ಬಂತು. ಪರೀಕ್ಷಕರು ಎತ್ತರದ ಆಳು. ಹಸಿದಿದ್ದರು, ಆದ್ದರಿಂದ ಸಿಟ್ಟಾಗಿದ್ದರು. ನೇರವಾಗಿ ಮಂಚದ ಹತ್ತಿರ ಬಂದು ರೋಗಿಯ ಚೀಟಿ ಕೈಗೆತ್ತಿಕೊಂಡರು. ಬಯ್ಯಪ್ಪ ಹೊಟ್ಟೆ ಹಿಡಿದುಕೊಂಡು ನರಳಿದ.

"ಮೂತ್ರಪಿಂಡ ಬೆನ್ನ ಕಡೆ ಇರತ್ತಪ್ಪ," ಅಂದರು ಪರೀಕ್ಷಕರು.

ಬಯ್ಯಪ್ಪ ಕೈಯನ್ನು ಬೆನ್ನಿಗೆ ಸಾಗಿಸಿ ಅಷ್ಟೇ ಶ್ರದ್ಧೆಯಿಂದ ನರಳಿದ.

"ಮುನಿಶಾಮಪ್ಪ, ವಯಸ್ಸು ಐವತ್ತೆಂಟು. ವಯಸ್ಸು ಕಾಣಲ್ಲ ನಿಮಗೆ. ಮಕ್ಕಳೆಷ್ಟು?"

"ಎರಡು, ಸೋಮಿ."

ಷಮೀಮ್ ಕೆಮ್ಮಿದಳು. ಚೀಟಿಯಲ್ಲಿ ಏಳು ಮಕ್ಕಳೆಂದು ಬರೆದಿತ್ತು.

"ಎರಡು ಗಂಡು," ಅಂದ ಬಯ್ಯಪ್ಪ. "ಹೆಣ್ಣು ಐದು."

ಪರೀಕ್ಷಕರು ಮುಂದೆ ಕೇಳಲಿಲ್ಲ. ಊಟ ಬಂತು. ಆರು ಹುಡುಗಿಯರು, ಆರು ಬಟ್ಟಲು. ಉಪ್ಪಿಲ್ಲದ ಸಬ್ಬಕ್ಕಿ ಗಂಜಿ, ಬೇಯಿಸಿದ ಸೋರೆಕಾಯಿ, ಬೇಯಿಸಿದ ಬೂದುಗುಂಬಳ, ತುಪ್ಪ ಹಾಕಿದ ಎರಡು ತುತ್ತು ಅನ್ನ, ಸಕ್ಕರೆ ಪಾಕ, ಮತ್ತು ಷಮೀಮ್ ಮಾಡಿದ ಆರಾರೂಟು ಹಿಟ್ಟಿನ ರೊಟ್ಟಿ. ರೊಟ್ಟಿ ಒಂದು ಕಡೆಯಿಂದ ನೋಡಿದರೆ ಆಚೆ ಕಡೆ ಕಾಣುತ್ತಿತ್ತು. ಬಯ್ಯಪ್ಪ ಅದನ್ನು ಕಚ್ಚಿದ. ಅದು ಅವನ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಹಳೇ ನೆಂಟರಂತೆ ಕೂಡಿಸಿ ಬಿಡದೇ ಹೋಯಿತು.

"ಹೇಗಿದೆ?" ಕೇಳಿದರು ಪರೀಕ್ಷಕರು.

ಬಯ್ಯಪ್ಪನಿಗೆ ಬಾಯಿ ತೆರೆಯಲಾಗಲಿಲ್ಲ. ತಲೆಯಾಡಿಸಿದ.

"ರೋಗಿಗೆ ಮಾತೇ ಬರ್ತಿಲ್ಲ, ಅಷ್ಟು ಚೆನ್ನಾಗಿದೆ ಸಾರ್," ಅಂದಳು ಷಮೀಮ್.

ಅಷ್ಟರಲ್ಲಿ ಬಾಗಿಲ ಬಳಿ ಒಂದು ನೆರಳು ನಿಂತಿತು. ಬಯ್ಯಪ್ಪನ ಪಕ್ಕದ ಮನೆಯ ಅಕ್ಕಯ್ಯಮ್ಮ, ಕಾಲಿನ ಹುಣ್ಣಿಗೆ ಮುಲಾಮು ಕಟ್ಟಿಸಿಕೊಳ್ಳಲು ಬಂದವಳು, ಒಳಗೆ ಇಣುಕಿ ನೋಡಿದ್ದಳು. ಬೆಳಿಗ್ಗೆ ಕೋಟು ಹಾಕಿಕೊಂಡು ಹೋದ ಗಂಡಸು ಹನ್ನೆರಡಕ್ಕೆ ಕಂಬಳಿಯೊಳಗೆ ಬಾಯಿ ಕಟ್ಟಿ ಮಲಗಿದ್ದ. ಅಕ್ಕಯ್ಯಮ್ಮ ಕಾಲಿನ ಹುಣ್ಣನ್ನು ಮರೆತು ಮನೆಯ ಕಡೆಗೆ ಓಡಿದಳು. ದಾರಿಯುದ್ದಕ್ಕೂ ಸಿಕ್ಕಿದವರಿಗೆ ಹೇಳುತ್ತ ಹೋದಳು. ಬೀದಿಯ ಮೊದಲ ಮನೆಗೆ ಬಯ್ಯಪ್ಪನಿಗೆ ಮಾತು ನಿಂತಿತ್ತು, ಮೂರನೆಯ ಮನೆಗೆ ಬರುವಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು. ಮಂಗಮ್ಮನ ಬಾಗಿಲು ಮುಟ್ಟಿದಾಗ ಇನ್ನು ಹೇಳಲು ಅಕ್ಕಯ್ಯಮ್ಮನಿಗೇ ಧೈರ್ಯವಿರಲಿಲ್ಲ.

ಅರ್ಧ ಗಂಟೆಯಲ್ಲಿ ಮಂಗಮ್ಮ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಒಂದು ಕೈ, ಊಟದ ಕ್ಯಾರಿಯರ್ ಒಂದು ಕೈ. ಗಂಡ ಯಾವ ಸ್ಥಿತಿಯಲ್ಲಿದ್ದರೂ ಸಾರು ಬಿಸಿಯಾಗಿರುವಾಗಲೇ ಉಣ್ಣಬೇಕು ಎಂಬುದು ಅವಳ ನಂಬಿಕೆ. ಹಿಂದೆ ಅಕ್ಕಯ್ಯಮ್ಮ.

"ಅಯ್ಯೋ ದೇವುಡಾ," ಅಂದಳು ಅಕ್ಕಯ್ಯಮ್ಮ. "ಬಯ್ಯಪ್ಪಾ, ಬಯ್ಯಪ್ಪಾ."

ಪರೀಕ್ಷಕರು ತಲೆಯೆತ್ತಿದರು. "ಬಯ್ಯಪ್ಪ ಅಂದ್ರೆ ಯಾರು?"

ಶ್ಯಾಮಲಮ್ಮನವರ ಮುಖ ಬಿಳಿಚಿತು. ಷಮೀಮ್ ಮುಂದೆ ಬಂದಳು.

"ಯಾರೂ ಅಲ್ಲ ಸಾರ್. ನಿಮಗೇ ಹೇಳ್ತಾವ್ರೆ. ಪಥ್ಯದಲ್ಲಿರೋರಿಗೆ ಸಾರು ಹೊತ್ಕೊಂಡು ಬಂದವ್ಳೆ, ಇವಳ್ನ ಬಯ್ಯಪ್ಪಾ, ಅಂತ."

"ಬಯ್ಯಲೇಬೇಕು," ಅಂದು ಪರೀಕ್ಷಕರು ಮಂಗಮ್ಮನ ಕಡೆ ತಿರುಗಿ ಐದು ನಿಮಿಷ ಬಯ್ದರು. ಮಂಗಮ್ಮನಿಗೆ ಪ್ರೋಟೀನು ಎಂಬ ಮಾತು ಬಿಟ್ಟು ಉಳಿದದ್ದೆಲ್ಲ ಅರ್ಥವಾಯಿತು.

"ಇವರು ನಿಮ್ಮ ಯಜಮಾನರೇ ತಾನೆ? ಹೆಸರು ಹೇಳಮ್ಮ."

ಗಂಡನ ಹೆಸರನ್ನು ಮಂಗಮ್ಮ ಮದುವೆಯಾದ ಹದಿನೆಂಟು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. "ಅದೆಂಗೆ ಹೇಳ್ಲಿ ಸೋಮಿ," ಅಂದು ತಲೆ ತಗ್ಗಿಸಿದಳು.

"ಸರಿ, ನಾನೇ ಹೇಳ್ತೀನಿ. ಮುನಿಶಾಮಪ್ಪ, ಅಲ್ವಾ?"

ಪರಗಂಡಸಿನ ಹೆಸರು ಕೇಳಿ ಮಂಗಮ್ಮ ತಟ್ಟನೆ ತಲೆಯೆತ್ತಿ ಬಾಯಿ ತೆರೆದಳು. ಷಮೀಮ್ ಅವಳ ಕಾಲು ತುಳಿದಳು. ಬಾಯಿ ಮುಚ್ಚಿಕೊಂಡಿತು.

"ಈ ಕ್ಯಾರಿಯರ್ ರೋಗಿಯ ಕಣ್ಣೆದುರಿಗೆ ಇರಕೂಡದು," ಅಂದು ಪರೀಕ್ಷಕರು ಅದನ್ನು ಕೈಗೆತ್ತಿಕೊಂಡು ಆಫೀಸು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಡಬ್ಬಿಗಳು ಒಂದೊಂದಾಗಿ ಬಿಚ್ಚಿಕೊಳ್ಳುವ ಸದ್ದು ಬಂತು. ಆಮೇಲೆ ತುಂಬ ಹೊತ್ತು ಯಾವ ಸದ್ದೂ ಇಲ್ಲ. ಬಯ್ಯಪ್ಪ ಮುಚ್ಚಿದ ಬಾಗಿಲನ್ನು ನೋಡುತ್ತ ಮಲಗಿದ್ದ. ಅವನ ಕಣ್ಣಲ್ಲಿ ನೀರು ಬಂದದ್ದು ಅವತ್ತಿನ ನಟನೆಯಲ್ಲಿ ಸೇರಿರಲಿಲ್ಲ.

ಪರೀಕ್ಷಕರು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಸಿಟ್ಟು ಪೂರ್ತಿ ಇಳಿದಿತ್ತು.

"ಉಪ್ಪು, ಖಾರ, ಕಾಳು, ಮೂರೂ ಭರ್ತಿ ಇದೆ. ರೋಗಿಗೆ ಖಂಡಿತ ಕೂಡದು," ಅಂದರು. ಆಮೇಲೆ ಬಯ್ಯಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಮೂರು ವಾರದ ರೋಗಿ ಅಂದ್ರೆ ಇಷ್ಟು ದುಂಡಗೆ ಹೇಗಿದ್ದಾರೆ? ಒಂದು ಸಲ ಮೂತ್ರ ಪರೀಕ್ಷೆ ಮಾಡೇ ಬಿಡೋಣ. ಅದರಲ್ಲಿ ಪ್ರೋಟೀನು ಇದ್ರೆ ಕಾಯಿಸಿದಾಗ ಬೆಳ್ಳಗಾಗತ್ತೆ. ಇಲ್ಲದೇ ಹೋದ್ರೆ, ನೀವು ಯಾರನ್ನ ಮಲಗಿಸಿದ್ದೀರಿ ಅಂತ ನಾನು ಕೇಳಬೇಕಾಗತ್ತೆ."

ಸ್ಪಿರಿಟ್ ದೀಪ ಹಚ್ಚಲು ಹೇಳಿ ಅವರು ಕುರ್ಚಿ ಎಳೆದುಕೊಂಡರು. ಷಮೀಮ್ ಅಡುಗೆ ಕೋಣೆಗೆ ಹೋಗಿ ಬಂದು, ಬಯ್ಯಪ್ಪನ ಕೈಗೆ ಗಾಜಿನ ಸೀಸೆ ಕೊಟ್ಟಳು. ಅದರ ಹಿಂದೆಯೇ ಸೆರಗಿನ ಮರೆಯಲ್ಲಿ ಇನ್ನೊಂದು ವಸ್ತು ಕೊಟ್ಟಳು. ಕೋಳಿಮೊಟ್ಟೆ.

"ಬೇರೆ ವಾರ್ಡಿನೋರಿಗೆ ತಂದಿದ್ದು ಸಾರ್. ಹಿತ್ತಲಿಗೆ ಹೋಗಿ ಒಡೆದು, ಬಿಳೀದು ಒಂದು ಚೂರು ಸೀಸೆಗೆ ಬೆರಸ್ಬಿಡಿ. ಒಂದೇ ಚೂರು. ನಮ್ಮ ಆರು ಜನದ ವರ್ಷ ನಿಮ್ ಕೈಯಲ್ಲಿದೆ," ಎಂದು ಪಿಸುಗುಟ್ಟಿದಳು.

ಬಯ್ಯಪ್ಪ ಹಿತ್ತಲಿನ ಪಾಯಿಖಾನೆಗೆ ಹೋಗಿ ಚಿಲಕ ಹಾಕಿದ. ಮೊದಲು ಸೀಸೆಯ ಕೆಲಸ ಮುಗಿಸಿದ. ಆಮೇಲೆ ಹೊರಗಿನ ತೊಟ್ಟಿಯ ಬಳಿ ಬಂದು ಕೈ ತೊಳೆದು ಮೊಟ್ಟೆ ಒಡೆದ. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಬಿದ್ದದ್ದು ಸೋರೆಕಾಯಿಯ ನೀರು ಮತ್ತು ಅಂಟು. ಇದ್ದ ಸಾರನ್ನು ಬೆಂಗಳೂರಿನವರು ಬಳಿದಿದ್ದರು. ಚಿಪ್ಪಿನೊಳಗೆ ಹಳದಿ ಲೋಳೆ ದುಂಡಗೆ, ಸಾಧುವಾಗಿ ಕೂತಿತ್ತು. ಸ್ವಲ್ಪ ಬಿಳಿಯದನ್ನು ಸೀಸೆಗೆ ಬಿಟ್ಟು ಉಳಿದದ್ದನ್ನು ತಿನ್ನೋಣ ಎಂದು ಅವನು ನಿಜವಾಗಿಯೂ ಅಂದುಕೊಂಡ. ಚಿಪ್ಪನ್ನು ತುಟಿಯ ಹತ್ತಿರ ತಂದದ್ದಷ್ಟೇ ಅವನಿಗೆ ನೆನಪು. ಮತ್ತೆ ನೋಡಿದಾಗ ಚಿಪ್ಪು ಖಾಲಿ.

ಚಿಪ್ಪನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದ. ಮರುಕ್ಷಣ ಒಂದು ಉಪಾಯ ಹೊಳೆಯಿತು. ಸೀಸೆಯಲ್ಲಿ ಏನೂ ಇಲ್ಲದಿದ್ದರೆ ಒಳ್ಳೆಯದೇ. 'ಹುಡುಗೀರ ಅಡುಗೆಯಿಂದ ನನಗೆ ವಾಸಿಯಾಯ್ತು ಸೋಮಿ' ಅಂದುಬಿಟ್ಟರೆ ಅವರಿಗೆ ಇನ್ನೂ ಹೆಚ್ಚು ಅಂಕ, ತನಗೆ ಬಿಡುಗಡೆ, ಮನೆಯ ಪಾತ್ರೆಯ ತಳದಲ್ಲಿ ಒಂದೆರಡು ಸೌಟು ಸಾರು ಉಳಿದೇ ಇರುತ್ತದೆ. ಬಾಯಿ ಒರೆಸಿಕೊಂಡು, ಜೀವನದಲ್ಲಿ ಮೊದಲ ಸಲ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು, ಸೀಸೆಯನ್ನು ತಂದು ಪರೀಕ್ಷಕರ ಮುಂದಿಟ್ಟ.

ಅವರು ಗಾಜಿನ ಕೊಳವೆಗೆ ಸ್ವಲ್ಪ ಸುರಿದು ದೀಪದ ಮೇಲೆ ಹಿಡಿದರು. ಶ್ಯಾಮಲಮ್ಮ ಕಣ್ಣು ಮುಚ್ಚಿದ್ದರು. ಕೊಳವೆ ಬಿಸಿಯಾಯಿತು. ಮೊದಲು ಮಂಜಿನಂತೆ ಮಸಕಾಯಿತು, ಆಮೇಲೆ ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಯಾಗಿ ನಿಂತಿತು. ಎರಡು ಹನಿ ಆಸಿಡ್ ಬಿಟ್ಟರೂ ಕರಗಲಿಲ್ಲ.

"ಭಾರೀ ಇದೆಯಲ್ರೀ," ಅಂದರು ಪರೀಕ್ಷಕರು. "ನಾನು ಅನುಮಾನ ಪಟ್ಟಿದ್ದು ತಪ್ಪು. ಮೈ ದುಂಡಗಿರೋದು ಬಾವು. ಇಂಥ ಕಠಿಣ ರೋಗೀನ ಆರಿಸಿದ್ದಕ್ಕೆ ನಿಮ್ಮನ್ನ ಮೆಚ್ಚಬೇಕು ಶ್ಯಾಮಲಮ್ಮನವರೇ."

ಆರೂ ಹುಡುಗಿಯರನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿ, ಖಾಲಿ ಕ್ಯಾರಿಯರನ್ನು ಮಂಗಮ್ಮನಿಗೆ ಮರ್ಯಾದೆಯಿಂದ ಒಪ್ಪಿಸಿ, ಪರೀಕ್ಷಕರು ಎರಡು ಗಂಟೆಯ ರೈಲಿಗೆ ಹೋದರು.

ಅವರ ಕುದುರೆಗಾಡಿ ಗೇಟು ದಾಟಿದ್ದೇ ತಡ, ಷಮೀಮ್ ಓಡಿಬಂದಳು. "ಒಂದು ಚೂರು ಅಂದ್ರೆ ಇಡೀ ಮೊಟ್ಟೆ ಸುರಿದವ್ರಲ್ಲ ಸಾರ್ ನೀವು. ನಾನೇ ಹೆದರ್ಕೊಂಡೆ."

ಬಯ್ಯಪ್ಪ ಮಂಚದ ತುದಿಯಲ್ಲಿ ಕೂತಿದ್ದ. ಎದ್ದಿರಲಿಲ್ಲ.

"ನಾನು ಸುರೀಲಿಲ್ಲ ಕಣಮ್ಮ," ಅಂದ.

"ಮತ್ತೆ ಮೊಟ್ಟೆ ಏನಾಯ್ತು?"

"ತಿಂದೆ."

ಹುಡುಗಿಯರು ನಕ್ಕರು. ನಗು ಮೊದಲು ನಿಲ್ಲಿಸಿದವಳು ಷಮೀಮ್. ಶ್ಯಾಮಲಮ್ಮ ಹೊಸ ಸೀಸೆ ತಂದುಕೊಟ್ಟರು. ಅದೂ ಬೆಳ್ಳಗಾಯಿತು. ತಿಂದ ಮೊಟ್ಟೆ ಅಷ್ಟು ಬೇಗ ಅಲ್ಲಿಗೆ ಹೋಗುತ್ತದೆಯೇ ಎಂದು ಬಯ್ಯಪ್ಪ ಆಸೆಯಿಂದ ಕೇಳಿದ. ಹಾಗೆಲ್ಲ ಹೋಗುವುದಿಲ್ಲವೆಂದು ಶ್ಯಾಮಲಮ್ಮ ಮೆತ್ತಗೆ ಹೇಳಿದರು. ಸಂಜೆ ಆಸ್ಪತ್ರೆಯ ಡಾಕ್ಟರು ಬಂದು ಮೂರನೆಯದನ್ನು ತಾವೇ ಕಾಯಿಸಿ ನೋಡಿ, ಪಾದದ ಮೇಲೆ ಬೆರಳೊತ್ತಿ ಬಿದ್ದ ಗುಳಿಯನ್ನು ತೋರಿಸಿದರು.

"ಬೇಗ ಗೊತ್ತಾಯ್ತು, ಪುಣ್ಯ. ಪಥ್ಯ ಮಾಡಿದ್ರೆ ಪೂರ್ತಿ ವಾಸಿಯಾಗತ್ತೆ. ಆರು ತಿಂಗಳು, ಇವತ್ತಿನ ಊಟವೇ. ಮದುವೆ ಮನೆ ಊಟ ಅಂತೂ ಇಲ್ಲ. ಗೌರಿಬಿದನೂರಿನ ಮಾತು ಮರೆತುಬಿಡಿ."

ಮಂಗಮ್ಮ ಅತ್ತಳು, ಕಣ್ಣೊರೆಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಪಥ್ಯದ ಅಡುಗೆ ಕೋಣೆಗೆ ಹೋದಳು. ಷಮೀಮ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ಒಂದು ಗಂಟೆಯಲ್ಲಿ ಮಂಗಮ್ಮ ಸಬ್ಬಕ್ಕಿ ಗಂಜಿ ಕಲಿತಳು, ಆರಾರೂಟು ರೊಟ್ಟಿಯನ್ನು ಷಮೀಮ್‌ಗಿಂತ ತೆಳ್ಳಗೆ ತಟ್ಟಿದಳು. ವರ್ಷವಿಡೀ ಇಂಥ ವಿದ್ಯಾರ್ಥಿನಿ ತಮಗೆ ಸಿಕ್ಕಿರಲಿಲ್ಲವೆಂದು ಶ್ಯಾಮಲಮ್ಮ ಹೊಗಳಿದರು. ಹೊಗಳಿಕೆಗೆ ಮಂಗಮ್ಮನ ಮುಖ ಅರಳಿತು.

ಬಿಸಿ ಗಂಜಿಯ ಬಟ್ಟಲನ್ನು ಗಂಡನ ಮುಂದಿಟ್ಟು ಅವಳು ಡಾಕ್ಟರ ಕಡೆ ತಿರುಗಿದಳು.

"ಆರೇ ತಿಂಗಳು ಯಾಕೆ ಸೋಮಿ? ನನಗೇನು ಬೇಜಾರಿಲ್ಲ. ಒಂದು ವರ್ಷ ಮಾಡಿ ಹಾಕಿದ್ರೆ ಇನ್ನೂ ಒಳ್ಳೇದಲ್ವಾ?"

ಡಾಕ್ಟರು ಸ್ವಲ್ಪ ಯೋಚಿಸಿ, ಜೇಬಿನಿಂದ ಪೆನ್ನು ತೆಗೆದು, ಚೀಟಿಯ ಮೇಲಿನ ಆರನ್ನು ಹೊಡೆದು ಹಾಕಿ ಹನ್ನೆರಡು ಎಂದು ಬರೆದರು.