ಮಂಚೇಗೌಡನ ದವಡೆಗೆ ಮೂಳೆಯೇರಿದ ಮಹಾಪ್ರಸಂಗ

ಕೇಳಿರಯ್ಯಾ, ಸಾರಿನ ಘಮಕ್ಕೇ ಕೈತೊಳೆದು ಕಾದಿರುವ ರಸಿಕರೇ! ಬೀಗರು ಬೀಗರನ್ನು ಊಟದೆಲೆಯ ಮುಂದೆ ಅಳೆಯುತ್ತಿದ್ದ ಆ ಮಹಾಯುಗದಲ್ಲಿ, ಮದ್ದೂರುಸೀಮಾಮಂಡನ, ಮಾಂಸಖಂಡವಿಖಂಡನ, ನಲ್ಲಿಮೂಳೆನಿಷ್ಪೇಷಣನಿಪುಣ ಎಂಬ ಬಿರುದುಗಳಿಂದ ಮೆರೆಯುತ್ತಿದ್ದ ಮಂಚೇಗೌಡನೆಂಬ ವೀರನಿದ್ದನು. ಆತನು ಕಡಿಯದೆ ಬಿಟ್ಟ ಮೂಳೆ ಭೂಮಂಡಲದಲ್ಲಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ, ಟಗರಿನ ತೊಡೆಯೊಳಗೆ ಅಡಗಿ ಕುಳಿತಿದ್ದ ವಿಧಿಯು ಆತನ ಬಲದವಡೆಯ ಹಲ್ಲೊಂದನ್ನು ಬುಡಸಮೇತ ಉರುಳಿಸಿಬಿಟ್ಟಿತು.

ಮಗಳ ನಿಶ್ಚಿತಾರ್ಥದಂದು ಬೀಗ ಚಿಕ್ಕಬೋರೇಗೌಡನು ಮೀಸೆ ತೀಡಿ ರಣಕಹಳೆ ಮೊಳಗಿಸಿದನು: “ಬೀಗ್ರೇ, ಬೀಗರೂಟದ ದಿನ ನಲ್ಲಿಮೂಳೆ ನಿಮ್ಮೆಲೆಗೇ ಹಾಕುಸ್ತೀನಿ. ನಿಮ್ಮೆಸ್ರು ಕೇಳಿವ್ನಿ, ಕಣ್ಣಾರೆ ನೋಡುವಾ!”

ಮಂಚೇಗೌಡನು ನಾಲಗೆಯಿಂದ ದವಡೆಯ ತೂತನ್ನು ತಡವಿಕೊಂಡನು. ಮಗಳು ಬಾಳಬೇಕಾದ ಮನೆಯವರ ಮುಂದೆ ಮೂಳೆಯೊಂದಕ್ಕೆ ಸೋತರೆ ತಲೆಯೆತ್ತುವುದು ಹೇಗೆ?

ಮರುದಿನವೇ ದಂತಶಾಸ್ತ್ರಪಾರಂಗತೆಯಾದ ಡಾಕ್ಟರ್ ವಿಜೇತಾಳ ಮುಂದೆ ಆತನು ಗುಹಾಸದೃಶವಾದ ಬಾಯನ್ನು ತೆರೆದನು. ಆಕೆ ಇಣುಕಿ ನೋಡಿ, “ಹೊಸ ಹಲ್ಲನ್ನ ಸ್ಕ್ರೂ ಹಾಕಿ ಕೂರಿಸ್ಬೇಕು ಗೌಡ್ರೇ. ಆದ್ರೆ ಅಲ್ಲಿ ಮೂಳೆ ಕರಗೋಗಿದೆ. ಮೊದ್ಲು ಮೂಳೆ ತುಂಬ್ಬೇಕು. ಬುಧವಾರ ಬನ್ನಿ,” ಎಂದಳು.

ಬುಧವಾರ ಬಂದಿತು. ಮಿಂದು ಮಡಿಯುಟ್ಟು, ಮನೆದೇವರಿಗೆ ಕೈಮುಗಿದು, ಮಟನ್ ಅಂಗಡಿಯ ಮುಂದೆ ಬಹುಹೊತ್ತು ಜಗಳವಾಡಿ ಆರಿಸಿ ತಂದಿದ್ದ ಕಪ್ಪು ಕವರನ್ನು ವೀರನು ಡಾಕ್ಟರ ಮೇಜಿನ ಮೇಲೆ ಧೊಪ್ಪನೆ ಇಟ್ಟು ಗರ್ಜಿಸಿದನು: “ಕಂಡೋರ ಮೂಳೆ ನಂಗೆ ಬ್ಯಾಡ ಮೇಡಮ್ಮೋರೇ! ಎಳೇ ಟಗರು, ತೊಡೇದು, ನಾನೇ ನಿಂತು ಕಡಿಸಿವ್ನಿ. ಇದ್ನೇ ನೆಡಿ!”

ಡಾಕ್ಟರು ಕವರಿನೊಳಗೆ ನೋಡಿ, ನಗು ನುಂಗಿಕೊಂಡು, “ಇದು ಸಾರಿಗೆ ಗೌಡ್ರೇ. ನಿಮಗೆ ಹಾಕೋದು ಇದು,” ಎಂದು ಪುಟ್ಟ ಸೀಸೆಯೊಂದನ್ನು ತೋರಿದಳು. ಒಳಗೆ ಚಿಟಿಕೆಯಷ್ಟು ಬಿಳಿಯ ಪುಡಿಯಿತ್ತು.

“ಇಷ್ಟೇಯಾ? ಇದ್ರಲ್ಲಿ ಇರುವೆ ಹಲ್ಲೂ ನಿಲ್ಲಾಕಿಲ್ಲ!”

ಆಮೇಲೆ ನಡೆದ ಸಂಗ್ರಾಮವನ್ನು ಏನೆಂದು ಬಣ್ಣಿಸಲಿ! ಸೂಜಿಯು ಕೂರಂಬಿನಂತೆ ಎರಗಿತು, ಒಸಡು ಕೋಟೆಬಾಗಿಲಿನಂತೆ ತೆರೆಯಿತು, ಪುಡಿಯು ಸೇನೆಯಂತೆ ಒಳಹೊಕ್ಕಿತು, ದಾರವು ಬಾಗಿಲು ಮುಚ್ಚಿತು. ಮರಗಟ್ಟಿದ ದವಡೆಯಲ್ಲಿ ನೋವೇ ಇರಲಿಲ್ಲವಾದರೂ, ಬೀಗನ ಮೀಸೆಯನ್ನು ನೆನೆದು ವೀರನು ಕೊನೆಯವರೆಗೂ ನರಳಿದನು.

“ಇದು ಗಟ್ಟಿಯಾಗೋಕೆ ಆರು ತಿಂಗ್ಳು ಬೇಕು,” ಎಂದಳು ಡಾಕ್ಟರು. “ಹಲ್ಲು ಆಮೇಲೆ. ಅಲ್ಲೀತನಕ ಗಟ್ಟಿದೇನೂ ಕಡೀಬೇಡಿ.”

ಬೀಗರೂಟವಿದ್ದದ್ದು ಮುಂದಿನ ತಿಂಗಳು!

ಆ ಘೋರ ದಿನವೂ ಬಂದಿತು. ಪಂಕ್ತಿಯೆಲ್ಲ ಕತ್ತು ಚಾಚಿ ನೋಡುತ್ತಿರಲು, ಒಳಗೆ ಮಜ್ಜೆ ತುಂಬಿದ, ಗದೆಯ ಗಾತ್ರದ ನಲ್ಲಿಮೂಳೆಯು ಮಂಚೇಗೌಡನ ಎಲೆಗೆ ಬಿದ್ದಿತು. ಪಕ್ಕದ ಎಲೆಯಲ್ಲಿದ್ದ ಚಿಕ್ಕಬೋರೇಗೌಡನು ಬಾಯಿಗೆ ಕೈಹಾಕಿ, ಹಲ್ಲಿನ ಸೆಟ್ಟನ್ನು ಇಡಿಯಾಗಿ ಕಳಚಿ ಜೇಬಿಗಿಳಿಸಿ, ತನ್ನ ಮೂಳೆಯನ್ನು ಬೆಂಚಿನ ಅಂಚಿಗೆ ಟಕಟಕ ಬಡಿದು ಸೊರ್ರನೆ ಹೀರಿದನು.

“ಯಾಕ್ ಬೀಗ್ರೇ ಸುಮ್ನೆ ಕುಂತ್ರಿ?”

“ಕಡಿಯಂಗಿಲ್ಲ ಅಂದವ್ರೆ ಡಾಕ್ಟ್ರು,” ಎಂದು ವೀರನು ತಲೆತಗ್ಗಿಸಿದನು.

“ಅಯ್ಯೋ, ನಲ್ಲಿಮೂಳೆ ಯಾರ್ ಕಡೀತಾರೆ ಬುಡಿ! ಬಡ್ದು ಹೀರದಲ್ವಾ?”

ಭೂಮಂಡಲದ ಮೂಳೆಗಳನ್ನೆಲ್ಲ ಕಡಿದು ಪುಡಿಗೈದಿದ್ದ ಮಂಚೇಗೌಡನು ಅತ್ತಿತ್ತ ನೋಡಿ, ಎಲೆಯ ಮೇಲಿದ್ದುದನ್ನು ಎತ್ತಿ ಬೆಂಚಿಗೆ ಮೆಲ್ಲಗೆ ಬಡಿದನು. ಒಳಗಿದ್ದುದೆಲ್ಲ ಜಾರಿ ಹೊಸ ಅಂಗಿಯ ಮೇಲೆ ಬಿತ್ತು.